ಪಾಲಾರ್ ಕಣಿವೆಯೂ ನಿಸ್ತಂತು ಗೋಪುರವೂ

ನಮ್ಮ ಹನೂರು ಸೀಮೆಯಲ್ಲಿ ‘ಟವರ್ ಇಲ್ಲ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಬ್ಬಿಣದ ಕಂಬವೇ ಊರಿನಲ್ಲಿಲ್ಲ ಎಂಬುದು ಒಂದು. ಕಂಬವಿದ್ದರೂ ಕೈಯಲ್ಲಿರುವ ಫೋನಿಗೆ ಅದು ಹತ್ತುತ್ತಿಲ್ಲ ಎಂಬುದು ಇನ್ನೊಂದು. ಕಂಬಗಳನ್ನು ಎಣಿಸುವುದು ಸುಲಭವಾದ್ದರಿಂದ ಲೆಕ್ಕದ ಪುಸ್ತಕಗಳು ಮೊದಲನೆಯ ಅರ್ಥವನ್ನು ಹಿಡಿದುಕೊಳ್ಳುತ್ತವೆ. ಜನರ ಕಷ್ಟವಿರುವುದು ಹೆಚ್ಚಾಗಿ ಎರಡನೆಯದರಲ್ಲಿ. ಆದುದರಿಂದ ಈ ಲೇಖನದ ಮಟ್ಟಿಗೆ ಕಂಬಕ್ಕೆ ‘ಗೋಪುರ’ವೆಂದೂ ಫೋನಿಗೆ ಬಂದು ತಲುಪುವ ಅಲೆಗೆ ‘ಸಂಕೇತ’ವೆಂದೂ ಬೇರೆ ಬೇರೆ ಹೆಸರಿಟ್ಟುಕೊಳ್ಳುತ್ತೇನೆ. ಮಾದಪ್ಪನ ಗುಡಿಯ ಗೋಪುರಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ವಾಚಕರು ತಿಳಿಯತಕ್ಕದ್ದು.

ನಾನು ಇಂಜಿನಿಯರಿಂಗ್ ಓದುತ್ತಿರುವವಳಲ್ಲ. ಬಿ.ಎ. ತರಗತಿಯಲ್ಲಿ ನನ್ನ ವಿಷಯಗಳು ಇತಿಹಾಸ, ಅರ್ಥಶಾಸ್ತ್ರ ಮತ್ತು ಭೂಗೋಳ. ಆದರೆ ಗೋಪುರವನ್ನು ಹೇಗೆ ಕಟ್ಟಬೇಕೆಂಬುದು ಇಂಜಿನಿಯರರ ಪ್ರಶ್ನೆಯಾದರೂ ಎಲ್ಲಿ ಕಟ್ಟಬೇಕು, ಯಾರ ಹಣದಿಂದ ಕಟ್ಟಬೇಕು, ಎಷ್ಟು ಮಂದಿ ಅದನ್ನು ಹಂಚಿಕೊಳ್ಳಬೇಕು ಎಂಬುವು ಅರ್ಧ ಭೂಗೋಳದ, ಅರ್ಧ ಅರ್ಥಶಾಸ್ತ್ರದ ಪ್ರಶ್ನೆಗಳು. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ನನ್ನ ತಾಯಿಯ ತವರು ಪಾಲಾರ್ ಕಣಿವೆಯ ಕಡೆಯದಾದ್ದರಿಂದ ಅಲ್ಲಿಯ ಸಂಗತಿ ನನಗೆ ತಕ್ಕಮಟ್ಟಿಗೆ ಗೊತ್ತು.

ಪಾಲಾರ್ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1993ರ ಏಪ್ರಿಲ್ 9. ಅಂದು ವೀರಪ್ಪನ್ ತಂಡದವರು ಹುದುಗಿಸಿಟ್ಟಿದ್ದ ನೆಲಬಾಂಬಿಗೆ ಸಿಕ್ಕಿ 22 ಮಂದಿ ಸತ್ತರು. ಅದಕ್ಕೆ ಮೊದಲೂ ಅದರ ಅನಂತರವೂ ಅಲ್ಲಿ ಜನ ಬಾಳುತ್ತಿದ್ದಾರೆ ಎಂಬುದು ಪತ್ರಿಕೆ ಓದುವವರಿಗೆ ಮರೆತುಹೋದಂತಿದೆ. ಪಾಲ್ ಎಂದರೆ ತಮಿಳಿನಲ್ಲಿ ಹಾಲು. ನಮ್ಮ ಹಳಗನ್ನಡದಲ್ಲಿಯೂ ಹಾಲೇ. ಆರು ಎಂದರೆ ಹೊಳೆ. ಈ ಹಾಲುಹೊಳೆ ಕರ್ನಾಟಕ ತಮಿಳುನಾಡುಗಳ ಗಡಿಯಲ್ಲಿ ಹರಿದು ಕಾವೇರಿಯನ್ನು ಸೇರುತ್ತದೆ. (ನಂದಿಯ ಕಡೆ ಹುಟ್ಟಿ, ಕೋಲಾರ ಜಿಲ್ಲೆಯನ್ನು ದಾಟಿ ವೆಲ್ಲೂರಿನ ಕಡೆಗೆ ಹೋಗುವ ಪಾಲಾರ್ ಬೇರೆ. ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಎಂದು ಬರೆಯುವವರು ನಮ್ಮ ತರಗತಿಯಲ್ಲಿಯೇ ಇದ್ದಾರೆ!) ಕೊಳ್ಳೇಗಾಲದಿಂದ ಹೊರಟು ಹನೂರು, ಕೌದಳ್ಳಿ, ತಾಳಬೆಟ್ಟಗಳ ಮೇಲೆ ಮಲೆ ಮಹದೇಶ್ವರ ಬೆಟ್ಟವನ್ನು ಹತ್ತಿ ಆಚೆಗೆ ಇಳಿದರೆ ಸಿಗುವ ಗಡಿಯೂರು ಪಾಲಾರ್, ಮುಂದೆ ಮೆಟ್ಟೂರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಪ್ರತ್ಯೇಕ ತಾಲ್ಲೂಕಾದುದು 2018ರಲ್ಲಿ. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ತಾಲ್ಲೂಕು ಬದಲಾಯಿತು. ಗುಡ್ಡಗಳು ಮಾತ್ರ ಇದ್ದಲ್ಲಿಯೇ ಇವೆ. ನಿಸ್ತಂತುವಿನ ಅಲೆಗೆ ಲೆಕ್ಕಕ್ಕೆ ಬರುವುದು ಗುಡ್ಡವೇ.

ಮಾದಪ್ಪನ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಮೆಟ್ಟೂರು ಜಲಾಶಯದ ತುಂಬುಮಟ್ಟ 790 ಅಡಿ. ಅಂದರೆ ಬೆಟ್ಟದಿಂದ ಇಳಿದು ಹಿನ್ನೀರಿನ ಅಂಚಿಗೆ ಬರುವಷ್ಟರಲ್ಲಿ ನಾವು ಎರಡು ಸಾವಿರ ಅಡಿಗೂ ಹೆಚ್ಚು ಕೆಳಗೆ ಬಂದಿರುತ್ತೇವೆ. ಹಳ್ಳಿಗಾಡಿನಲ್ಲಿ ಸಾಮಾನ್ಯವಾಗಿ ಕಟ್ಟುವ ಗೋಪುರದ ಎತ್ತರ 40 ಮೀಟರು, ಎಂದರೆ ಸುಮಾರು 130 ಅಡಿ. ಸಮತಟ್ಟಾದ ನೆಲದಲ್ಲಿ ಭೂಮಿಯ ಬಾಗುವಿಕೆಯನ್ನು ಲೆಕ್ಕ ಹಿಡಿದರೆ ಅಷ್ಟು ಎತ್ತರದಿಂದ ಸುಮಾರು 22 ಕಿಲೋಮೀಟರು ದೂರದವರೆಗೆ ಕಾಣುತ್ತದೆ. ಕೊಳ್ಳೇಗಾಲದ ಕೆಳಗಿನ ಗದ್ದೆಬಯಲಿನಲ್ಲಿ ಈ ಲೆಕ್ಕ ಸ್ವಲ್ಪಮಟ್ಟಿಗಾದರೂ ನಡೆಯುತ್ತದೆ. ಸಾವಿರಾರು ಅಡಿ ಗುಡ್ಡಗಳ ನಡುವೆ 130 ಅಡಿಯ ಕಂಬಕ್ಕೆ ಏನು ಬೆಲೆ? ಆಚೆಯ ಗುಡ್ಡದ ಮಗ್ಗುಲಲ್ಲಿರುವ ದೊಡ್ಡಿಗೆ ಅದು ಇದ್ದೂ ಇಲ್ಲದ ಹಾಗೆ. ಬೆಟ್ಟದಿಂದ ಪಾಲಾರಿಗೆ ಬಸ್ಸಿನಲ್ಲಿ ಇಳಿಯುವಾಗ ಫೋನನ್ನು ಕೈಯಲ್ಲಿ ಹಿಡಿದುಕೊಂಡಿದ್ದರೆ ಸಾಕು. ತಿರುವು ತಿರುವಿಗೂ ಕಡ್ಡಿಗಳು ಏರುವುದನ್ನೂ ಇಳಿಯುವುದನ್ನೂ ನೋಡಬಹುದು. ನಕ್ಷೆಯಲ್ಲಿ ಬಿಡಿಸುವ ಸಮೋನ್ನತ ರೇಖೆಗಳ ಪಾಠ ನನಗೆ ಸರಿಯಾಗಿ ಅರ್ಥವಾದುದು ಆ ಬಸ್ಸಿನಲ್ಲಿಯೇ.

ಅಲೆಗಳೂ ಎಲ್ಲವೂ ಒಂದೇ ತೆರನಾದುವಲ್ಲ. 700 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 43 ಸೆಂಟಿಮೀಟರು, ಹೆಚ್ಚುಕಡಮೆ ಒಂದು ಮೊಳ. 2100 ಮೆಗಾಹರ್ಟ್ಸ್‌ನದು ಸುಮಾರು 14 ಸೆಂಟಿಮೀಟರು, ಒಂದು ಗೇಣಿಗೂ ಕಡಮೆ. ಮೊಳದಲೆ ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಆಚೆಗೆ ಇಳಿಯಬಲ್ಲದು, ಮರಗಳ ನಡುವೆಯೂ ತಕ್ಕಮಟ್ಟಿಗೆ ನುಸುಳಬಲ್ಲದು. ಗೇಣಲೆ ಹೆಚ್ಚು ಮಾಹಿತಿಯನ್ನು ಹೊರಬಲ್ಲದಾದರೂ ಬೇಗ ಸೋಲುತ್ತದೆ. ನೀರು ತುಂಬಿದ ಹಸಿ ಎಲೆ ಅಲೆಯನ್ನು ಹೀರುತ್ತದೆ. ನಮ್ಮದು ಎಲೆಯುದುರುವ ಕಾಡು. ಮಾಘ ಫಾಲ್ಗುಣಗಳಲ್ಲಿ ಮರಗಳು ಬೋಳಾದಾಗ ಹತ್ತುವ ಸಂಕೇತ, ಮಳೆ ಬಿದ್ದು ಚಿಗುರೊಡೆದ ಮೇಲೆ ಕುಂದುವುದುಂಟು. ಬೇಸಿಗೆಯಲ್ಲಿ ಬಂದು ಅಳತೆ ಮಾಡಿಕೊಂಡು ಹೋದವರ ನಕ್ಷೆ ಶ್ರಾವಣದಲ್ಲಿ ಸುಳ್ಳಾಗುವುದು ಹೀಗೆ.

ಹಾಗಾದರೆ ಎಲ್ಲಕ್ಕಿಂತ ಎತ್ತರದ ನೆತ್ತಿಯ ಮೇಲೆ ಒಂದು ಗೋಪುರ ನಿಲ್ಲಿಸಿಬಿಟ್ಟರೆ ಆಗದೇ, ಎಂದು ಕೇಳಬಹುದು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ನೆತ್ತಿಯ ಮೇಲಿನ ಗೋಪುರ ದೂರದ ಬಯಲಿಗೆ ಸಂಕೇತವನ್ನು ಕಳುಹಿಸೀತು. ಕಾಲಬುಡದ ಕಡಿದಾದ ಕಣಿವೆಗಳು ಅದರ ನೆರಳಿನಲ್ಲಿಯೇ ಉಳಿಯುತ್ತವೆ. ಬೆಟ್ಟದ ಜಾತ್ರೆಯ ಸಮಯದಲ್ಲಿ ಬೇರೊಂದು ತೊಂದರೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಿಗೆ ಸೇರುವ ಜನಸ್ತೋಮದ ನಡುವೆ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿರುತ್ತವೆ, ಕರೆ ಮಾತ್ರ ಹೋಗುವುದಿಲ್ಲ. ರಸ್ತೆಯೂ ಇದೆ, ಬಸ್ಸೂ ಇದೆ, ಸೀಟು ಇಲ್ಲ ಎಂದಂತೆ. ಜಾತ್ರೆಗೆ ಬೇಕಾದುದು ಹೆಚ್ಚು ಸೀಟು, ಕಣಿವೆಗೆ ಬೇಕಾದುದು ಮೊದಲು ರಸ್ತೆ. ಈ ಎರಡನ್ನೂ ಒಂದೇ ಯೋಜನೆಯಲ್ಲಿ ಬೆರಸಿದರೆ ಹಣವೆಲ್ಲ ಜಾತ್ರೆಗೇ ಹೋಗುತ್ತದೆ, ಏಕೆಂದರೆ ಗಿರಾಕಿಗಳಿರುವುದು ಅಲ್ಲಿ.

ಗಿರಾಕಿಯ ಮಾತು ಬಂದುದರಿಂದ ಅರ್ಥಶಾಸ್ತ್ರಕ್ಕೆ ಬರುತ್ತೇನೆ. ನಮ್ಮ ಕೊಳ್ಳೇಗಾಲದ ಮಗ್ಗುಲಲ್ಲೇ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಉತ್ಪಾದನೆಯಾಯಿತು. ಅದು ಮೊದಲು ಹೋದುದೆಲ್ಲಿಗೆ? 92 ಮೈಲಿಗಳ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದುದೇ 1905ರಲ್ಲಿ. ತಂತಿಯ ಕೆಳಗಿನ ಹಳ್ಳಿಗಳಲ್ಲಿ ಚಿಮಣಿ ಬುಡ್ಡಿ ಎಷ್ಟು ವರ್ಷ ಉರಿಯಿತೆಂಬುದು ನಮ್ಮ ಅಜ್ಜಿಯರಿಗೆ ಗೊತ್ತು. ಹಣ ಕೊಡುವವನಿದ್ದ ಕಡೆಗೆ ತಂತಿ ಓಡುವುದು ವ್ಯಾಪಾರದ ಸಹಜ ಧರ್ಮ. ಅದರಲ್ಲಿ ಯಾರನ್ನೂ ದೂರಿ ಫಲವಿಲ್ಲ. ಗೋಪುರವೂ ಹಾಗೆಯೇ. ಕಂಬ, ಬೇಲಿ, ಬ್ಯಾಟರಿ, ಡೀಸೆಲ್ ಜನರೇಟರು, ಕಾವಲು, ನೆಲಬಾಡಿಗೆ ಇವುಗಳ ಖರ್ಚು ಐದು ಸಾವಿರ ಗಿರಾಕಿಗಳಿದ್ದರೂ ಅಷ್ಟೇ, ಐವತ್ತು ಗಿರಾಕಿಗಳಿದ್ದರೂ ಅಷ್ಟೇ. ಕಾಡಿನಲ್ಲಾದರೆ ಇನ್ನೂ ಹೆಚ್ಚು. ಮೂರು ಕಂಪನಿಗಳು ಮೂರು ಗೋಪುರ ಕಟ್ಟಿದರೆ ಮೂರೂ ನಷ್ಟದವು. ಒಂದನ್ನು ಕಟ್ಟಿ ಮೂವರೂ ಅದರ ಮೇಲೆ ತಮ್ಮ ತಮ್ಮ ಆಂಟೆನಾಗಳನ್ನು ಏರಿಸಿದರೆ ನಷ್ಟ ಮೂರು ಪಾಲಾಗುತ್ತದೆ.

ಈ ವಿಚಾರ ಸರ್ಕಾರಕ್ಕೆ ಹೊಳೆಯದೆ ಇಲ್ಲ. ಹಳ್ಳಿಗಳಿಗೆ ದೂರವಾಣಿ ಒದಗಿಸುವುದಕ್ಕೆಂದು 2002ರ ಏಪ್ರಿಲ್ 1ರಿಂದ ಒಂದು ಸಾರ್ವತ್ರಿಕ ಸೇವಾ ನಿಧಿಯನ್ನು ಏರ್ಪಡಿಸಲಾಯಿತು. ಅದಕ್ಕೆ ಕಂಪನಿಗಳು ತಮ್ಮ ಹೊಂದಾಣಿಕೆಯ ಆದಾಯದಲ್ಲಿ ನೂರಕ್ಕೆ 5ರಷ್ಟನ್ನು ಕೊಡುತ್ತ ಬಂದಿವೆ. 2023ರ ದೂರಸಂಪರ್ಕ ಕಾಯಿದೆಯ ಮೇರೆಗೆ ಅದಕ್ಕೀಗ ‘ಡಿಜಿಟಲ್ ಭಾರತ ನಿಧಿ’ ಎಂದು ಹೆಸರು. ಕಂಪನಿಗಳ ಆದಾಯವೆಂದರೆ ನಮ್ಮ ನಿಮ್ಮ ರೀಚಾರ್ಜು. ಕೂಲಿಯಿಂದ ಬಂದ ಹಣದಲ್ಲಿ ನನ್ನ ಅಪ್ಪ ಹಾಕಿಸುವ ರೀಚಾರ್ಜಿನ ಪಾಲೂ ಅದರಲ್ಲಿದೆ. ಆದ್ದರಿಂದ ಗುಡ್ಡದ ದೊಡ್ಡಿಯವರು ಗೋಪುರ ಕೇಳಿದರೆ ಅದು ಬೇಡುವುದಲ್ಲ, ತಾವೂ ಹಾಕಿದ ಚೀಟಿಯ ಹಣವನ್ನು ಕೇಳುವುದು.

ಈ ನಿಧಿಯಿಂದ 2007ರಲ್ಲಿ ಹಂಚಿಕೆಯ ಗೋಪುರಗಳ ಯೋಜನೆಯೊಂದು ಹೊರಟಿತು. ದೇಶದ 500 ಜಿಲ್ಲೆಗಳಲ್ಲಿ 7,353 ಗೋಪುರಗಳು. ಒಂದೊಂದನ್ನೂ ಮೂರು ಕಂಪನಿಗಳು ಹಂಚಿಕೊಳ್ಳಬೇಕೆಂದು ಕರಾರು. ಆಲೋಚನೆ ಚೆನ್ನಾಗಿತ್ತು. ಆದರೆ ಆರಿಸುವ ಅಳತೆಗೋಲು ಏನಾಗಿತ್ತು? ಸಂಕೇತವಿಲ್ಲದ ಹಳ್ಳಿಯಲ್ಲಿ ಅಥವಾ ಹಳ್ಳಿಗಳ ಗುಂಪಿನಲ್ಲಿ 2,000 ಜನರಿರಬೇಕು. ಬಯಲುಸೀಮೆಯಲ್ಲಿ 2,000 ಜನ ಒಂದೇ ಕೇರಿಗಳ ಸಾಲಿನಲ್ಲಿ ಸಿಗುತ್ತಾರೆ. ಮಾದಪ್ಪನ ಬೆಟ್ಟದ ಸುತ್ತಿನ ಇಂಡಿಗನತ್ತ, ತುಳಸಿಕೆರೆ, ಮೆಂದಾರೆ, ಪಡಸಲನತ್ತ, ದೊಡ್ಡಾಣೆ ಇಂತಹ ಊರುಗಳು ಒಂದರಿಂದ ಒಂದಕ್ಕೆ ಕಾಡಿನ ದಾರಿಯಲ್ಲಿ ನಡೆದು ಹೋಗಬೇಕಾದಂಥವು. ಕಾಗದದ ಮೇಲೆ ಅವನ್ನು ಕೂಡಿಸಿ ಒಂದು ಗುಂಪು ಮಾಡಬಹುದು. ನಡುವಿನ ಗುಡ್ಡವನ್ನು ಕಳೆಯುವ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಕೇಂದ್ರ ಸಚಿವ ಸಂಪುಟ 2022ರ ಜುಲೈ 27ರಂದು ಒಪ್ಪಿದ ಯೋಜನೆ ಈ ದೃಷ್ಟಿಯಿಂದ ಬಹಳ ಮುಂದಕ್ಕೆ ಹೋಯಿತು. ಸಂಕೇತವಿಲ್ಲದ 24,680 ಗ್ರಾಮಗಳಿಗೆ 26,316 ಕೋಟಿ ರೂಪಾಯಿಗಳ ವೆಚ್ಚದಲ್ಲಿ ನಾಲ್ಕನೆಯ ತಲೆಮಾರಿನ ಸೇವೆ ಕೊಡುವುದೆಂದೂ ಅದನ್ನು ಬಿ.ಎಸ್.ಎನ್.ಎಲ್. ನಡೆಸುವುದೆಂದೂ ನಿಶ್ಚಯವಾಯಿತು. ಇಲ್ಲಿಯೂ ಎಣಿಕೆಯ ಘಟಕ ಗ್ರಾಮವೇ. ಜನಗಣತಿಯ ಗ್ರಾಮಕ್ಕೂ ನಮ್ಮ ಕಡೆಯ ವಾಸಸ್ಥಾನಕ್ಕೂ ಇರುವ ಅಂತರವನ್ನು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ಸೋಲಿಗರ ನೆಲೆಗೆ ಪೋಡು ಎನ್ನುತ್ತಾರೆ. ದನಕರುಗಳೊಡನೆ ನೆಲೆನಿಂತ ಚಿಕ್ಕ ಊರಿಗೆ ದೊಡ್ಡಿ ಎನ್ನುತ್ತಾರೆ. ಇಂತಹ ಹಲವು ಪೋಡು ದೊಡ್ಡಿಗಳು ಸೇರಿ ದಾಖಲೆಯಲ್ಲಿ ಒಂದು ಗ್ರಾಮವಾಗಿರಬಹುದು. ಶಾಲೆ, ಪಂಚಾಯಿತಿ ಇರುವ ಮುಖ್ಯ ಊರಿನಲ್ಲಿ ಫೋನು ಹತ್ತಿದರೆ ಗ್ರಾಮವೆಲ್ಲ ಹತ್ತಿದ ಲೆಕ್ಕ. ಅದರ ಒಳಗಿನ ಪೋಡು ಸಂಕೇತವಿಲ್ಲದ ಗ್ರಾಮಗಳ ಪಟ್ಟಿಗೆ ಬರುವುದೇ ಇಲ್ಲ. ಪಟ್ಟಿಗೆ ಬಾರದಿದ್ದರೆ ಯೋಜನೆಗೂ ಬರುವುದಿಲ್ಲ. ಗುಡ್ಡಗಾಡಿಗೆ ಗ್ರಾಮವನ್ನು ಬಿಟ್ಟು ವಾಸಸ್ಥಾನವನ್ನೇ ಘಟಕವನ್ನಾಗಿ ಹಿಡಿಯಬೇಕೆಂಬುದೇ ನಾನು ಈ ಲೇಖನದಲ್ಲಿ ಒತ್ತಿ ಹೇಳಬೇಕೆಂದಿರುವ ಮಾತು.

ಹಂಚಿಕೆಯಲ್ಲಿಯೂ ಮೆಟ್ಟಿಲುಗಳುಂಟು. ಕಂಬ, ಬೇಲಿ, ಬ್ಯಾಟರಿಗಳನ್ನು ಮಾತ್ರ ಹಂಚಿಕೊಂಡು ಪ್ರತಿಯೊಬ್ಬರೂ ತಮ್ಮ ಯಂತ್ರಗಳನ್ನು ತಾವೇ ಇಟ್ಟುಕೊಳ್ಳುವುದು ಒಂದು ಬಗೆ. ಒಬ್ಬನ ಯಂತ್ರದ ಮೇಲೆ ಇನ್ನೊಬ್ಬನ ಗಿರಾಕಿಯೂ ಮಾತನಾಡಲು ಬಿಡುವುದು ಇನ್ನೊಂದು ಬಗೆ. ನಮ್ಮಂತಹ ಕಡೆ ಮೊದಲನೆಯದು ಸಾಲದು, ಏಕೆಂದರೆ ಐವತ್ತು ಮನೆಯ ಊರಿಗೆ ಎರಡನೆಯ ಕಂಪನಿ ತನ್ನ ಆಂಟೆನಾವನ್ನು ಉಚಿತ ಕಂಬದ ಮೇಲೂ ಏರಿಸಲಿಕ್ಕಿಲ್ಲ. ಅದರ ಫಲವನ್ನು ಹಳ್ಳಿಯ ಯಾವ ಫೋನನ್ನು ಬಿಚ್ಚಿದರೂ ಕಾಣಬಹುದು: ಊರಿಗೊಂದು, ಸಂತೆಗೊಂದು ಎಂದು ಎರಡು ಸಿಮ್ಮುಗಳು, ಎರಡಕ್ಕೂ ರೀಚಾರ್ಜು. 2025ರ ಜನವರಿ 17ರಂದು ಕೇಂದ್ರದ ದೂರಸಂಪರ್ಕ ಸಚಿವರು ಉದ್ಘಾಟಿಸಿದ ಏರ್ಪಾಡು ಎರಡನೆಯ ಬಗೆಯದು. ನಿಧಿಯ ಹಣದಿಂದ ಕಟ್ಟಿದ ಸುಮಾರು 27,000 ಗೋಪುರಗಳಲ್ಲಿ ಬಿ.ಎಸ್.ಎನ್.ಎಲ್., ಏರ್‌ಟೆಲ್, ಜಿಯೋ ಈ ಮೂವರ ಗಿರಾಕಿಗಳು ಯಾರ ಗೋಪುರವೆಂದು ನೋಡದೆ ಮಾತನಾಡಬಹುದು. 35,400ಕ್ಕೂ ಹೆಚ್ಚು ಗ್ರಾಮಗಳಿಗೆ ಇದು ಅನ್ವಯಿಸುತ್ತದೆ. ಎಲ್ಲರ ಹಣದಿಂದ ತೋಡಿದ ಬಾವಿಯಲ್ಲಿ ಎಲ್ಲರ ಬಿಂದಿಗೆಯೂ ಇಳಿಯಬೇಕಲ್ಲವೇ? ಈ ನ್ಯಾಯ ಹೊಳೆಯುವುದಕ್ಕೆ 2007ರಿಂದ ಹದಿನೆಂಟು ವರ್ಷ ಹಿಡಿಯಿತು ಎಂಬುದೇ ಆಶ್ಚರ್ಯ. ಕಂಪನಿಗಳು ಸ್ವಂತ ಹಣದಿಂದ ಕಟ್ಟಿದ ಗೋಪುರಗಳಿಗೆ ಈ ಕಟ್ಟಳೆ ಇಲ್ಲ.

ಪಾಲಾರ್ ಕಣಿವೆಯಲ್ಲಿ ಹಂಚಿಕೆ ಬೇಕೆನ್ನುವುದಕ್ಕೆ ಕಾಡೂ ಒಂದು ಕಾರಣ. ಸುಮಾರು 906 ಚದರ ಕಿಲೋಮೀಟರು ವಿಸ್ತಾರದ ಮಲೆ ಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಘೋಷಿತವಾಯಿತು. ಕಾವೇರಿ ವನ್ಯಜೀವಿಧಾಮ 1987ರಷ್ಟು ಹಳೆಯದು. ಇಂಥಲ್ಲಿ ಒಂದು ಗೋಪುರವೆಂದರೆ ಕೇವಲ ಕಂಬವಲ್ಲ. ಅದಕ್ಕೊಂದು ಜೀಪು ದಾರಿ, ಅದಕ್ಕೊಂದು ವಿದ್ಯುತ್ ತಂತಿ, ಅದಿಲ್ಲದಿದ್ದರೆ ಹಗಲಿರುಳು ಸದ್ದು ಮಾಡುವ ಜನರೇಟರು. ಮೂರು ಗೋಪುರವಾದರೆ ಇವೆಲ್ಲ ಮೂರು ಮೂರು. ಆನೆ ಓಡಾಡುವ ಜಾಡಿನಲ್ಲಿ ಅಷ್ಟನ್ನೂ ಬೇಡವೆನ್ನುವ ಅರಣ್ಯಾಧಿಕಾರಿಯನ್ನು ನಾನಂತೂ ಆಕ್ಷೇಪಿಸಲಾರೆ. 2006ರ ಅರಣ್ಯ ಹಕ್ಕು ಕಾಯಿದೆ, ಗ್ರಾಮಸಭೆ ಶಿಫಾರಸು ಮಾಡಿದರೆ, ಒಂದು ಹೆಕ್ಟೇರಿಗಿಂತ ಕಡಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದ ಹಾಗೆ, ಶಾಲೆ, ಅಂಗನವಾಡಿ, ಕುಡಿಯುವ ನೀರು ಮೊದಲಾದ 13 ಬಗೆಯ ಸೌಕರ್ಯಗಳಿಗೆ ಬಿಟ್ಟುಕೊಡಲು ಅವಕಾಶ ಕಲ್ಪಿಸಿದೆ. ಅದರಲ್ಲಿ ‘ವಿದ್ಯುತ್ ಮತ್ತು ದೂರಸಂಪರ್ಕ ತಂತಿಗಳು’ ಎಂದೂ ಇದೆ. ತಂತಿಯೇ ಇಲ್ಲದುದಕ್ಕೆ ನಿಸ್ತಂತು ಎಂದು ಹೆಸರು! ಕಾಯಿದೆಯನ್ನು ಬರೆದವರ ಮನಸ್ಸಿನಲ್ಲಿದ್ದುದು ಸಂಪರ್ಕವೇ ಹೊರತು ತಾಮ್ರವಲ್ಲ ಎಂದು ಅರ್ಥೈಸುವುದು ನ್ಯಾಯವಾದೀತು. ಆದರೂ ವನ್ಯಜೀವಿಧಾಮವಾದ ಕಾರಣ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಪ್ಪಣೆಗಳು ಬೇರೆ ಉಂಟು.

ನನಗೆ ತೋರುವ ದಾರಿ ಇದು. ನೆತ್ತಿಯನ್ನು ಕಾಡಿಗೇ ಬಿಟ್ಟು ಕಣಿವೆಯ ಊರಿನೊಳಗೇ, ಶಾಲೆಯ ಪಕ್ಕದ ಅಥವಾ ರಸ್ತೆಯಂಚಿನ ಕಂದಾಯದ ನೆಲದಲ್ಲಿ, ಗಿಡ್ಡ ಗೋಪುರವೊಂದನ್ನು ನಿಲ್ಲಿಸುವುದು, ಮೊಳದಲೆಯನ್ನು ಬಳಸುವುದು, ಮೂವರೂ ಅದನ್ನೇ ಹಂಚಿಕೊಳ್ಳುವುದು. ಗೋಪುರವನ್ನು ಹೊರಜಗತ್ತಿಗೆ ಸೇರಿಸುವುದಕ್ಕೆ ಕಾಡು ಅಗೆದು ಕೇಬಲ್ ಹೂಳಲೇಬೇಕೆಂದಿಲ್ಲ. ಬೆಟ್ಟದ ಮೇಲಿನ ಗೋಪುರ ಅದಕ್ಕೆ ನೇರವಾಗಿ ಕಾಣುವಂತಿದ್ದರೆ ತಟ್ಟೆಯಾಕಾರದ ಎರಡು ಆಂಟೆನಾಗಳನ್ನು ಎದುರುಬದುರಾಗಿ ಇಟ್ಟು ಸೂಕ್ಷ್ಮತರಂಗದಲ್ಲಿ ಕೊಂಡಿ ಹಾಕಬಹುದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬ್ಯಾಟರಿ ಮುಗಿಯುವವರೆಗೆ ಮಾತ್ರ ಗೋಪುರಕ್ಕೆ ಜೀವ. ಆದ್ದರಿಂದ ಸೌರಫಲಕವನ್ನೂ ಮೊದಲೇ ಸೇರಿಸಬೇಕು. ಇಂತಹ ಗಿಡ್ಡ ಗೋಪುರಗಳು ಸಂಖ್ಯೆಯಲ್ಲಿ ಹೆಚ್ಚು ಬೇಕಾಗುತ್ತವೆ, ಖರ್ಚೂ ಹೆಚ್ಚು ಎಂಬುದು ನಿಜ. ಹಂಚಿಕೊಳ್ಳದಿದ್ದರೆ ಈ ದಾರಿ ಸಾಧ್ಯವೇ ಇಲ್ಲ.

ಇಷ್ಟೆಲ್ಲ ಏಕೆ, ಊರಿಗೆ ಸ್ವಲ್ಪ ದೂರದ ದಿಬ್ಬದ ಮೇಲೆ ಹತ್ತುತ್ತದಲ್ಲ, ಎನ್ನುವವರಿದ್ದಾರೆ. ಅವರಿಗೆ ನನ್ನ ಎಸ್.ಎಸ್.ಎಲ್.ಸಿ. ವರ್ಷದ ಸಂಗತಿಯನ್ನು ಹೇಳಬೇಕು. 2020–21ರಲ್ಲಿ ಕೋವಿಡ್ಡಿನಿಂದ ಶಾಲೆ ಮುಚ್ಚಿತ್ತು. ಪಾಠಗಳು ಫೋನಿಗೆ ಬರುತ್ತಿದ್ದುವು. ನಮ್ಮ ದೊಡ್ಡಿಯಲ್ಲಿ ಸಂಕೇತ ಸಿಗುತ್ತಿದ್ದುದು ಊರಾಚೆಯ ಒಂದು ಬಂಡೆಯ ಮೇಲೆ. ಗಂಡುಹುಡುಗರು ಸಂಜೆ ಅಲ್ಲಿಗೆ ಹೋಗಿ ಕುಳಿತು ಕತ್ತಲಾದ ಮೇಲೆ ಬರುತ್ತಿದ್ದರು. ನಮ್ಮನ್ನು ಕಳುಹಿಸುತ್ತಿರಲಿಲ್ಲ; ಆನೆಯ ಭಯ ಒಂದು, ಊರಿನವರ ಮಾತಿನ ಭಯ ಇನ್ನೊಂದು. ಮನೆಯಲ್ಲಿದ್ದ ಒಂದು ಫೋನು ಅಣ್ಣನ ಜೇಬಿನಲ್ಲಿ ಬಂಡೆಗೆ ಹೋಗುತ್ತಿತ್ತು. ನಾನು ಚಂದನ ವಾಹಿನಿಯ ಪಾಠಗಳನ್ನು ನೆರೆಮನೆಯಲ್ಲಿ ನೋಡಿ, ಉಳಿದುದನ್ನು ಪುಸ್ತಕದಲ್ಲಿ ಓದಿ, 2021ರ ಜುಲೈಯಲ್ಲಿ ಎರಡೇ ದಿನ ನಡೆದ ಪರೀಕ್ಷೆಯನ್ನು ಬರೆದೆ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ಮಳೆಯೊಳಗೆ ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ದೇಶವೆಲ್ಲ ನೋಡಿತು. ನೋಡಿದವರೆಲ್ಲ ತಂದೆಯನ್ನು ಮೆಚ್ಚಿದರು. ಆ ಹುಡುಗಿಗೆ ಜೊತೆಗೆ ನಿಲ್ಲುವುದಕ್ಕೆ ಬಿಡುವಿದ್ದ ತಂದೆಯೊಬ್ಬರಿದ್ದರು ಎಂದು ನನಗನ್ನಿಸಿತು. ಕೂಲಿಗೆ ಹೋಗುವ ಮನೆಗಳಲ್ಲಿ ಅದಕ್ಕೂ ಬಿಡುವಿಲ್ಲ. ‘ಸಮೀಪದಲ್ಲಿ ಸಂಕೇತ ಲಭ್ಯ’ ಎಂದು ಬರೆಯುವಾಗ, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬ ಎರಡು ಅಂಕಣಗಳನ್ನು ಸೇರಿಸಿದರೆ ಬಂಡೆಯ ಲೆಕ್ಕ ಸರಿಹೋಗುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ತಾಯಿಯ ತವರಿನಲ್ಲಿ ವಯಸ್ಸಾದ ತಾತನೊಬ್ಬರು ನನ್ನ ಮಾತನ್ನೆಲ್ಲ ಕೇಳಿ, “ಫೋನು ರೋಗಿಯ ಹೊತ್ಕಂಡೋಯ್ತದಾ ಕೂಸೇ? ಮೊದ್ಲು ದಾರಿ ಮಾಡ್ಲಿ ಬುಡವ್ವ” ಎಂದರು. ದೊಡ್ಡಾಣೆಯಂತಹ ಊರುಗಳಿಂದ ಗರ್ಭಿಣಿಯರನ್ನು ಡೋಲಿಯಲ್ಲಿ ಹೊತ್ತು ತಂದುದು ಪತ್ರಿಕೆಗಳಲ್ಲಿ ಬಂದಿದೆ. ಇಂಡಿಗನತ್ತದಲ್ಲಿ 2024ರ ಲೋಕಸಭಾ ಚುನಾವಣೆಯ ಮತದಾನದ ದಿನ ಮೂಲಸೌಕರ್ಯಗಳ ಸಿಟ್ಟು ಮತಯಂತ್ರದ ಮೇಲೆ ತಿರುಗಿ, ಏಪ್ರಿಲ್ 29ರಂದು ಮರುಮತದಾನ ನಡೆಯಿತು. ದಾರಿ, ನೀರು, ಕರೆಂಟು ಮೊದಲು ಎನ್ನುವವರ ಮುಂದೆ ಗೋಪುರದ ಮಾತೆತ್ತುವುದಕ್ಕೆ ಸಂಕೋಚವೇ ಆಗುತ್ತದೆ. ಆದರೂ ತಾತನಿಗೆ ನಾನು ಹೇಳಿದುದು ಇಷ್ಟು: ಫೋನಿಲ್ಲದಾಗ ನಡಿಗೆ ಎರಡು. ಸುದ್ದಿ ಹೇಳುವುದಕ್ಕೆ ಒಬ್ಬ ಕೆಳಗೆ ಓಡಬೇಕು, ಗಾಡಿ ಹೊರಟಿದೆಯೆಂದು ತಿಳಿದ ಮೇಲೆ ಡೋಲಿ ಇಳಿಯಬೇಕು. ಫೋನು ಹತ್ತಿದರೆ ಡೋಲಿ ಇಳಿಯುವ ಹೊತ್ತಿಗೆ ಗಾಡಿ ರಸ್ತೆಯಲ್ಲಿ ಬಂದು ನಿಂತಿರುತ್ತದೆ. ಎರಡು ನಡಿಗೆಯಲ್ಲಿ ಒಂದು ಉಳಿಯಿತು. ತಾತ ಒಪ್ಪಿದರೋ ಇಲ್ಲವೋ, ಎಲೆಯಡಿಕೆಯ ಚೀಲವನ್ನು ಬಿಚ್ಚಿ ಸುಮ್ಮನಾದರು.

ಗಡಿಯಲ್ಲಿ ಆ ಒಂದು ಕರೆಗೂ ತೊಡಕುಂಟು. ದೂರಸಂಪರ್ಕದಲ್ಲಿ ದೇಶವನ್ನು ವೃತ್ತಗಳಾಗಿ ವಿಂಗಡಿಸಿದ್ದಾರೆ; ಕರ್ನಾಟಕ ಒಂದು ವೃತ್ತ, ತಮಿಳುನಾಡು ಇನ್ನೊಂದು. ಕಣಿವೆಯಲ್ಲಿ ನಿಂತವನ ಫೋನು ಯಾವುದು ಬಲವಾಗಿದೆಯೋ ಅದನ್ನು ಹಿಡಿಯುತ್ತದೆ, ಹೊಳೆಯ ಆಚೆಯದಾದರೂ ಸರಿಯೇ. 108 ಎಂಬ ಆಂಬುಲೆನ್ಸಿನ ಸಂಖ್ಯೆ ಎರಡೂ ರಾಜ್ಯಗಳಲ್ಲಿ 2008ರಿಂದ ಇದೆ. ಆದರೆ ಇಂತಹ ಕಿರುಸಂಖ್ಯೆಯ ಕರೆ ಹೋಗುವುದು ಕರೆಯನ್ನು ಹಿಡಿದ ಗೋಪುರದ ರಾಜ್ಯಕ್ಕೆ. ಕೊಳ್ಳೇಗಾಲದ ಗಾಡಿ ಬೇಕಾದವನಿಗೆ ಆಚೆಯ ರಾಜ್ಯದ ಕೇಂದ್ರದಿಂದ ತಮಿಳಿನಲ್ಲಿ ಉತ್ತರ ಬರಬಹುದು. ನಮ್ಮ ಕಡೆಯವರಿಗೆ ತಮಿಳು ಬರುತ್ತದೆ, ಚಿಂತೆಯಿಲ್ಲ. ಅವರ ಗಾಡಿ ಸೇತುವೆಯನ್ನು ದಾಟಿ ಬರುವುದೇ ಎಂಬುದು ಪ್ರಶ್ನೆ. ಗಡಿಯ ಗೋಪುರಗಳ ಮಟ್ಟಿಗೆ ಎರಡು ರಾಜ್ಯಗಳ 108 ಕೇಂದ್ರಗಳು ಕರೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಏರ್ಪಾಡು ಮಾಡಿಕೊಳ್ಳಬೇಕು. ಇದಕ್ಕೆ ಒಂದು ಮಣ ಕಬ್ಬಿಣವೂ ಬೇಕಿಲ್ಲ.

ಗೋಪುರದ ಅಲೆಯಿಂದ ಆರೋಗ್ಯ ಕೆಡುವುದೆಂಬ ಭಯವೂ ಊರುಗಳಲ್ಲಿದೆ. ಭಾರತ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗವನ್ನು ತನ್ನ ಮಿತಿಯಾಗಿ ಇಟ್ಟುಕೊಂಡಿದೆ ಎಂಬುದನ್ನು ಹೇಳಿ ಮುಂದೆ ಹೋಗುತ್ತೇನೆ.

ಹೊರದೇಶಗಳಲ್ಲಿ ಏನು ಮಾಡಿದ್ದಾರೆಂದು ಹುಡುಕಿದಾಗ ಬ್ರಿಟನ್ನಿನ ಒಂದು ಉದಾಹರಣೆ ನನಗೆ ಹಿಡಿಸಿತು. 2020ರ ಮಾರ್ಚಿಯಲ್ಲಿ ಅಲ್ಲಿಯ ನಾಲ್ಕು ಕಂಪನಿಗಳೂ ಸರ್ಕಾರವೂ ಸೇರಿ ಒಂದು ನೂರು ಕೋಟಿ ಪೌಂಡುಗಳ ‘ಹಂಚಿಕೆಯ ಗ್ರಾಮೀಣ ಜಾಲ’ಕ್ಕೆ ಒಪ್ಪಂದ ಮಾಡಿಕೊಂಡರು. 2025ರ ಕೊನೆಯೊಳಗೆ ದೇಶದ ಭೂಭಾಗದ ನೂರಕ್ಕೆ 95ರಷ್ಟಕ್ಕೆ ಒಂದಾದರೂ ಕಂಪನಿಯ ಸಂಕೇತ ಮುಟ್ಟಬೇಕೆಂಬುದು ಅವರು ಇಟ್ಟುಕೊಂಡ ಗುರಿ. ಜನಸಂಖ್ಯೆಯನ್ನು ಬಿಟ್ಟು ಭೂಭಾಗವನ್ನು ಅಳತೆಗೋಲಾಗಿ ಹಿಡಿದುದನ್ನು ಗಮನಿಸಬೇಕು. ಜನಸಂಖ್ಯೆಯಿಂದ ಅಳೆದರೆ ಪೇಟೆಗಳನ್ನು ತುಂಬಿಯೇ ನೂರರ ಹತ್ತಿರ ಹೋಗಬಹುದು. ಭೂಭಾಗದಿಂದ ಅಳೆದರೆ ದನ ಮೇಯಿಸುವವನೂ ಬೆಟ್ಟಕ್ಕೆ ಕಾಲುನಡಿಗೆಯಲ್ಲಿ ಹೋಗುವ ಭಕ್ತನೂ ಕಾಡಿನ ಕಾವಲುಗಾರನೂ ಲೆಕ್ಕಕ್ಕೆ ಬರುತ್ತಾರೆ. ಸ್ಕಾಟ್ಲೆಂಡಿನ ನಿರ್ಜನ ಬೆಟ್ಟಗಳಲ್ಲಿ ಗೋಪುರವೇಕೆಂದು ಅಲ್ಲಿ ತಕರಾರೂ ಎದ್ದಿತು. ನಮಗೆ ಆ ತುದಿಗೆ ಹೋಗುವ ಅಗತ್ಯವಿಲ್ಲ. ಜನ ವಾಸಿಸುವ ನೆಲೆಗಳು, ಅವುಗಳ ನಡುವಿನ ಕಾಲುದಾರಿಗಳು, ಮೆಟ್ಟೂರಿನ ರಸ್ತೆ, ಇಷ್ಟನ್ನು ಅಳೆದರೆ ಸಾಕು.

ಅಳೆಯುವ ಕೆಲಸವನ್ನು ಊರಿನವರೂ ಮಾಡಬಹುದು. 2024ರ ನಿಯಮಗಳಂತೆ ಕಂಪನಿಗಳು ತಮ್ಮ ಸಂಕೇತ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಪ್ರಕಟಿಸಬೇಕು. ಆ ನಕ್ಷೆಯ ಬಣ್ಣವನ್ನು ನಮ್ಮ ಜಗಲಿಯ ಮೇಲೆ ಕುಳಿತು ಪರೀಕ್ಷಿಸಿ, ವ್ಯತ್ಯಾಸವಿದ್ದರೆ ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಬರೆಸಬೇಕು. ‘ನಮ್ಮ ಊರಿಗೆ ಟವರ್ ಬೇಕು’ ಎಂಬ ಒಂದು ಸಾಲಿನ ಅರ್ಜಿಗೆ ಒಂದು ಸಾಲಿನ ಉತ್ತರ ಬರುತ್ತದೆ. ದೊಡ್ಡಿಯ ಹೆಸರು, ಮನೆಗಳು ಎಷ್ಟು, ಯಾವ ದಿಕ್ಕಿಗೆ ಗುಡ್ಡ ಅಡ್ಡವಿದೆ, ವಿದ್ಯುತ್ ಕಂಬ ಎಲ್ಲಿಗೆ ಬಂದು ನಿಂತಿದೆ, ಕಂದಾಯದ ನೆಲ ಎಲ್ಲಿದೆ, ಯಾವ ಕಂಪನಿಯ ಸಂಕೇತ ಮನೆಯೊಳಗೆ ಹತ್ತುತ್ತದೆ, ಯಾವುದು ಅಂಗಳದಲ್ಲಿ, ಯಾವುದು ಬಂಡೆಯ ಮೇಲೆ ಮಾತ್ರ, ನ್ಯಾಯಬೆಲೆ ಅಂಗಡಿಯ ಬೆರಳಚ್ಚಿನ ಯಂತ್ರ ಎಲ್ಲಿ ಕೆಲಸ ಮಾಡುತ್ತದೆ, ಇವೆಲ್ಲ ಇರುವ ಅರ್ಜಿಯನ್ನು ತಿರಸ್ಕರಿಸುವವರೂ ಕಾರಣ ಬರೆಯಬೇಕಾಗುತ್ತದೆ. ಈ ವರ್ಷದ ಶಿವರಾತ್ರಿಯ ರಜೆಯಲ್ಲಿ ತಾಯಿಯ ತವರಿನ ಇಬ್ಬರು ಹುಡುಗಿಯರೊಡನೆ ಮನೆಮನೆಯ ಮುಂದೆ ನಿಂತು ಇಂತಹದೊಂದು ಪಟ್ಟಿಯನ್ನು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದೆವು. ಎಲೆಯುದುರಿದ ತಿಂಗಳ ಅಂಕಣ ತುಂಬಿದೆ. ಮಳೆಗಾಲದ ಅಂಕಣ ಖಾಲಿಯಿದೆ. ಕಾಡು ಹಸಿರಾದ ಮೇಲೆ ಅದೇ ಮನೆಗಳ ಮುಂದೆ ಮತ್ತೊಮ್ಮೆ ನಿಂತು ಅದನ್ನು ತುಂಬಿ, ಮುಂದಿನ ಗ್ರಾಮಸಭೆಗೆ ಕೊಡುವುದೆಂದು ಮಾಡಿಕೊಂಡಿದ್ದೇವೆ.